ಐದು ವಂಶವೃಕ್ಷಗಳಲ್ಲಿ ಅಜ್ಜನ ಜನ್ಮದಿನ ಒಂದೇ ಇದೆ, ಹಾಗಾದರೆ ಅದು ನಿಜವೇ?

ಫ್ಯಾಮಿಲಿ ಗ್ರೂಪಿಗೆ ಒಂದು ವಂಶವೃಕ್ಷ ಬರುತ್ತದೆ. ಅಜ್ಜ ಹುಟ್ಟಿದ್ದು 1931ರ ಜೂನ್ 1 ಎಂದಿರುತ್ತದೆ. ಚಿಕ್ಕಪ್ಪನ ಆ್ಯಪ್‌ನಲ್ಲೂ ಅದೇ ದಿನ, ಅಮೆರಿಕದಲ್ಲಿರುವ ಅತ್ತೆಯ ಮಗನ ಬಳಿಯೂ ಅದೇ. ಇಷ್ಟು ಕಡೆ ಇದೆ ಎಂದರೆ ನಿಜವೇ ಇರಬೇಕು ಅನಿಸುತ್ತದೆ.

ಹಾಗೇನಿಲ್ಲ. ಒಬ್ಬರದನ್ನು ಒಬ್ಬರು ನಕಲು ಮಾಡಿದ್ದರೆ ಐದು ವೃಕ್ಷಗಳಿಗೂ ಮೂಲ ಒಂದೇ. ಅದೂ ಅಲ್ಲದೆ, ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳನ್ನು ಶಾಲೆಗೆ ಸೇರಿಸುವಾಗ ಮೇಷ್ಟ್ರು ವಯಸ್ಸು ಅಂದಾಜು ಮಾಡಿ ಜೂನ್ 1 ಎಂದು ಬರೆದುಕೊಳ್ಳುತ್ತಿದ್ದದ್ದು ನಮ್ಮಲ್ಲಿ ಮಾಮೂಲು. ನಿಮ್ಮ ಮನೆಯಲ್ಲೇ ಇಂಥವರು ಒಬ್ಬಿಬ್ಬರು ಸಿಗಬಹುದು!

ಆದ್ದರಿಂದ ದಿನಾಂಕದ ಜೊತೆಗೆ ಅದು ಎಲ್ಲಿಂದ ಬಂತು ಎಂಬುದನ್ನೂ ಬರೆಯಬೇಕು. ವಂಶವೃಕ್ಷದ ಆ್ಯಪ್‌ಗಳು ಪರಸ್ಪರ ಮಾಹಿತಿ ದಾಟಿಸಲು ಬಳಸುವ 'ಜೆಡ್‌ಕಾಮ್' ಎಂಬ ಫೈಲ್ ಮಾದರಿ 1980ರ ದಶಕದಿಂದಲೂ ಇದೆ; 7.0 ಆವೃತ್ತಿ ಬಂದದ್ದು 2021ರಲ್ಲಿ. ಅದರಲ್ಲಿ ಮೂಲವನ್ನು ಮೂರು ಹಂತಗಳಲ್ಲಿ ಇಡುತ್ತಾರೆ. ದಾಖಲೆ ಇರುವ ಜಾಗ, ಅಂದರೆ ಶಾಲೆ. ಆ ದಾಖಲೆ, ಅಂದರೆ ಅಡ್ಮಿಷನ್ ರಿಜಿಸ್ಟರ್. ಕೊನೆಯದು ಉಲ್ಲೇಖ: ಎಷ್ಟನೇ ಪುಟ, ಅಲ್ಲಿ ಬರೆದಿರುವುದೇನು. ಈ ಉಲ್ಲೇಖವನ್ನು ಅಜ್ಜನ ಹೆಸರಿಗೆ ಅಂಟಿಸಿ ಸುಮ್ಮನಾದರೆ ಸಾಲದು, ಜನನ ಎಂಬ ಆ ಒಂದು ಸಂಗತಿಗೇ ಜೋಡಿಸಬೇಕು.

ನಂಬಿಕೆಗೆ 0ಯಿಂದ 3ರವರೆಗೆ ಅಂಕ ಕೊಡಲೂ ಅವಕಾಶವಿದೆ. 0 ಎಂದರೆ ಬರೀ ಅಂದಾಜು, 3 ಎಂದರೆ ನೇರ ಸಾಕ್ಷ್ಯ. ಇದು ಸ್ವಲ್ಪ ಒರಟು ಅಳತೆ ಎಂಬುದು ನಮ್ಮ ಅಭಿಪ್ರಾಯ. ಆದರೆ ಅಂಕವನ್ನು ರಿಜಿಸ್ಟರಿಗೆ ಕೊಡದೆ ಉಲ್ಲೇಖಕ್ಕೆ ಕೊಡುವುದು ಸರಿಯಾಗಿದೆ. ಅಜ್ಜ ಶಾಲೆಗೆ ಸೇರಿದ ದಿನಕ್ಕೆ ಅದೇ ರಿಜಿಸ್ಟರ್ ಗಟ್ಟಿ ಸಾಕ್ಷಿ, ಹುಟ್ಟಿದ ದಿನಕ್ಕೆ ದುರ್ಬಲ ಸಾಕ್ಷಿ. ಜಾತಕದಲ್ಲಿ ಬೇರೆ ದಿನ ಇದ್ದರೆ ಒಂದನ್ನು ಅಳಿಸಬೇಡಿ. ಎರಡನ್ನೂ ಅವುಗಳ ಮೂಲದ ಸಮೇತ ಇಡಿ.

ಜನ್ಮದಿನ ತಪ್ಪಾದರೆ ಹೋಗಲಿ ಬಿಡಿ ಎನ್ನಬಹುದು. ಆಸ್ತಿಯ ವಿಷಯದಲ್ಲಿ ಹಾಗನ್ನಲು ಆಗುವುದಿಲ್ಲ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿ ನಮ್ಮದು. ಬಸಪ್ಪನ ಮಗ ಶಿವಪ್ಪ, ಅವನ ಮಗ ಮತ್ತೆ ಬಸಪ್ಪ, ಅವನ ಮಗ ಮತ್ತೆ ಶಿವಪ್ಪ. ಹಳೆಯ ಭೂದಾಖಲೆಯಲ್ಲಿ 'ಶಿವಪ್ಪ ಬಿನ್ ಬಸಪ್ಪ' ಎಂದಿದ್ದರೆ ಅದು ಯಾವ ಶಿವಪ್ಪ? ದಾಖಲೆಯ ವರ್ಷ, ಸರ್ವೆ ನಂಬರ್ ಬರೆದಿಟ್ಟಿದ್ದರೆ ಹೇಳಬಹುದು. ಇಲ್ಲದಿದ್ದರೆ ಯಾರೋ ಇಬ್ಬರನ್ನೂ ಒಬ್ಬರೇ ಎಂದುಕೊಂಡು ಸೇರಿಸಿಬಿಡುತ್ತಾರೆ, ಎರಡು ತಲೆಮಾರೇ ಮಾಯ. ಜೊತೆಗೆ ಅವರ ಅಣ್ಣತಮ್ಮಂದಿರ ಕವಲುಗಳೂ ತಪ್ಪು ಕೊಂಬೆಗೆ ಹೋಗುತ್ತವೆ.

ಬಾಯಿಮಾತಿಗೆ ಬೆಲೆಯೇ ಇಲ್ಲವೇ ಎಂದರೆ, ಇದೆ. ಉತ್ತರ ಕರ್ನಾಟಕದಲ್ಲಿ ಹೆಳವರು ಊರೂರು ಸುತ್ತಿ ಮನೆತನಗಳ ವಂಶಾವಳಿ ಹೇಳುತ್ತಾ, ಬರೆದಿಡುತ್ತಾ ಬಂದಿದ್ದಾರೆ. ಅವರಿಂದ ಕೇಳಿದ್ದಾದರೆ ಯಾವ ಊರಿನ ಹೆಳವರು, ಯಾವ ವರ್ಷ, ಪುಸ್ತಕ ನೋಡಿ ಓದಿದರೋ ನೆನಪಿನಿಂದ ಹೇಳಿದರೋ, ಬರೆದುಕೊಂಡವರು ಯಾರು ಎಂಬುದನ್ನೂ ಸೇರಿಸಿ.

ಗ್ರೂಪಿಗೆ ಮುಂದಿನ ವಂಶವೃಕ್ಷ ಬಂದಾಗ 'ಈ ದಿನಾಂಕ ಎಲ್ಲಿ ಸಿಕ್ಕಿತು?' ಎಂದು ಕೇಳಿ. 'ಫಾರ್ವರ್ಡ್ ಬಂದಿತ್ತು' ಎಂಬ ಉತ್ತರ ಬಂದರೆ, ಅದನ್ನೇ ಮೂಲ ಎಂದು ಬರೆದು ಅಂಕ 0 ಹಾಕಿ.