ಹಿಮ್ಮೇಳ (ಕೊಳ್ಳೇಗಾಲ ಸೀಮೆಯ ಕಥನ ಗಾಯನ)

ಕೊಳ್ಳೇಗಾಲ, ಹನೂರು, ಯಳಂದೂರು ಭಾಗದ ಕಥನ ಗಾಯನದಲ್ಲಿ ಮುಖ್ಯ ಗಾಯಕನಿಗೆ ದನಿಗೂಡಿಸಿ, ವಾದ್ಯ ನುಡಿಸಿ, ರಾತ್ರಿಯಿಡೀ ನಡೆಯುವ ಪ್ರದರ್ಶನವನ್ನು ಹೊತ್ತು ನಿಲ್ಲುವ ಕಲಾವಿದರ ಗುಂಪು. ಹನೂರು ತಾಲ್ಲೂಕಿನ ಮಲೆ ಮಹದೇಶ್ವರ ಬೆಟ್ಟದ ದೇವರಗುಡ್ಡರು ಮಾದಪ್ಪನ, ಅಂದರೆ ಮಾದೇಶ್ವರನ ಕಥೆ ಹಾಡುತ್ತಾರೆ. ನೀಲಗಾರರು ಮಂಟೇಸ್ವಾಮಿ, ಸಿದ್ದಪ್ಪಾಜಿಯರ ಕಥೆ ಹಾಡುತ್ತಾರೆ.

ಮಾದೇಶ್ವರ ಕಾವ್ಯ 'ಸಾಲು'ಗಳಾಗಿ, ಅಂದರೆ ಕಥಾಭಾಗಗಳಾಗಿ ಹರಡಿದೆ: ಶ್ರವಣದೊರೆಯ ಸಾಲು, ಸಂಕಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು ಇತ್ಯಾದಿ. ಹೊತ್ತು, ಸಂದರ್ಭ ನೋಡಿ ಮೇಳ ಯಾವ ಸಾಲನ್ನು ಹಾಡಬೇಕೆಂದು ಗೊತ್ತುಮಾಡಿಕೊಳ್ಳುತ್ತದೆ. ಮುಂದಾಳು ಒಂದು ಸೊಲ್ಲು ಎತ್ತಿದಾಗ ಹಿಮ್ಮೇಳದವರು ಅದನ್ನು ಮರಳಿ ಹಾಡುತ್ತಾರೆ. ಆ ಬಿಡುವಿನಲ್ಲಿ ಅವನಿಗೆ ಉಸಿರು ತೆಗೆದುಕೊಳ್ಳಲು, ಮುಂದಿನ ನುಡಿ ನೆನೆಯಲು ಅವಕಾಶ ಸಿಗುತ್ತದೆ. ಕಥೆ ಮಾತಿಗಿಳಿದಾಗ ಹೂಂಗುಟ್ಟಿ ಅದನ್ನು ಮುಂದೆ ನಡೆಸುವುದೂ ಇವರ ಹೊಣೆಯೇ.

ತಾಲೀಮಿಗೆ ಲಿಖಿತ ಪಠ್ಯವಿಲ್ಲ.

ಹೊಸಬರು ಗುರುವಿನ ಜೊತೆ ಊರೂರು ತಿರುಗಿ, ಹಿಂದೆ ಕೂತು ಹಾಡಿ, ಕೇಳಿ ಕಲಿಯುತ್ತಾರೆ. ಎಡಗೈಯ ಬಟ್ಟಲಿಗೆ ಬಲಗೈಯ ತಾಳ ಬಡಿಯುವ ಕಂಸಾಳೆಯಲ್ಲಿ ಮೊದಲು ಲಯ ಕೂಡಿಬರಬೇಕು. ಬೀಸು ಕಂಸಾಳೆಯ ಕುಣಿತಕ್ಕೆ ಮೈಯೂ ಪಳಗಬೇಕು. ನೀಲಗಾರರ ಮೇಳದಲ್ಲಿ ತಂಬೂರಿ, ಗಗ್ಗರಗಳು ಜೊತೆಯಾಗುತ್ತವೆ. ಕೊಳ್ಳೇಗಾಲ ಬಳಿಯ ಚಿಕ್ಕಲ್ಲೂರು ಜಾತ್ರೆ ಇವರ ದೊಡ್ಡ ನೆಲೆ.

ಕೇಶವನ್ ಪ್ರಸಾದ್ ಸಂಗ್ರಹಿಸಿದ ಮಾದೇಶ್ವರ ಕಾವ್ಯದ ಇಂಗ್ಲಿಷ್ ಅನುವಾದವನ್ನು ಸಾಹಿತ್ಯ ಅಕಾಡೆಮಿ 2001ರಲ್ಲಿ ಪ್ರಕಟಿಸಿತು. ಅದರಲ್ಲಿ ಹಾಡಿದವರಾಗಿ ಹೆಬ್ಬಣಿ ಮಾದಯ್ಯನವರ ಜೊತೆಗೆ ಅವರ ಮೇಳವನ್ನೂ ಕಾಣಿಸಿರುವುದು ಹಿಮ್ಮೇಳಕ್ಕೆ ಸಲ್ಲಬೇಕಾದ ಮನ್ನಣೆ.