ಇಳಿಜಾರು ಕುಸಿಯದಂತೆ ತಡೆಯುವುದು ಹೇಗೆ? ಕೆರೆ ಏರಿಯಿಂದ ಘಟ್ಟದ ಗುಡ್ಡದವರೆಗೆ

ಭರಮಸಾಗರ: ಚಿತ್ರದುರ್ಗ ಮತ್ತು ದಾವಣಗೆರೆ ನಡುವೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿರುವ ಭರಮಸಾಗರಕ್ಕೆ ಹೆಸರು ಬಂದದ್ದೇ ಕೆರೆಯಿಂದ. ದುರ್ಗವನ್ನು 1689ರಿಂದ 1721ರವರೆಗೆ ಆಳಿದ ಬಿಚ್ಚುಗತ್ತಿ ಭರಮಣ್ಣ ನಾಯಕನ ಹೆಸರನ್ನು ಹೊತ್ತಿರುವ ಈ ಕೆರೆಗೆ 2021ರಲ್ಲಿ ಏತ ನೀರಾವರಿ ಯೋಜನೆಯ ಮೂಲಕ ತುಂಗಭದ್ರೆಯ ನೀರು ಹರಿದು ಬಂತು. ಬಯಲುಸೀಮೆಯ ಜನರಿಗೆ ಅದು ಸಂಭ್ರಮದ ಸಂಗತಿ. ಆದರೆ ನೀರು ಬಂದರಷ್ಟೇ ಸಾಲದು, ಅದನ್ನು ಹಿಡಿದಿಡುವ ಏರಿಯೂ ಭದ್ರವಾಗಿರಬೇಕು. ಕೆರೆಯ ಏರಿ ಎಂದರೆ ಮನುಷ್ಯ ಕಟ್ಟಿದ ಗುಡ್ಡ. ಕೊಡಗಿನ ಬೆಟ್ಟ ಕುಸಿಯುವುದಕ್ಕೂ ಬಯಲುಸೀಮೆಯ ಏರಿ ಜಾರುವುದಕ್ಕೂ ಕಾರಣವಾಗುವ ನಿಯಮ ಒಂದೇ. ಅದನ್ನು ತಡೆಯಲು ಎಂಜಿನಿಯರುಗಳು ಅನುಸರಿಸುವ ವಿಧಾನಗಳ ಪರಿಚಯ ಇಲ್ಲಿದೆ.

ಕುಸಿತಕ್ಕೆ ಕಾರಣವೇನು?

ಇಳಿಜಾರಿನಲ್ಲಿರುವ ಮಣ್ಣನ್ನು ಅದರ ಭಾರವೇ ಕೆಳಕ್ಕೆ ಎಳೆಯುತ್ತಿರುತ್ತದೆ. ಕಣಗಳ ನಡುವಿನ ಘರ್ಷಣೆ ಹಾಗೂ ಜೇಡಿಯ ಅಂಟುಗುಣ ಅದನ್ನು ಹಿಡಿದು ನಿಲ್ಲಿಸುತ್ತವೆ. ಹಿಡಿಯುವ ಬಲವನ್ನು ಎಳೆಯುವ ಬಲದಿಂದ ಭಾಗಿಸಿದರೆ ಬರುವ ಸಂಖ್ಯೆಗೆ ಸುರಕ್ಷತಾ ಗುಣಾಂಕ ಎಂದು ಹೆಸರು. ಅದು 1ಕ್ಕಿಂತ ಕೆಳಗಿಳಿದರೆ ಕುಸಿತ ನಿಶ್ಚಿತ. ಮಣ್ಣಿನ ಅಣೆಕಟ್ಟುಗಳಿಗೆ ಸಂಬಂಧಿಸಿದ ಭಾರತೀಯ ಮಾನಕ 7894, ನೀರು ನಿರಂತರವಾಗಿ ಜಿನುಗುತ್ತಿರುವಾಗ ಹೊರ ಇಳಿಜಾರಿಗೆ 1.5, ನೀರು ಹಠಾತ್ತನೆ ಇಳಿದಾಗ ಒಳ ಇಳಿಜಾರಿಗೆ 1.3 ಗುಣಾಂಕ ಇರಬೇಕೆಂದು ಹೇಳುತ್ತದೆ.

ಈ ಲೆಕ್ಕವನ್ನು ಕೆಡಿಸುವ ಮುಖ್ಯ ಶತ್ರು ನೀರು. ಮಣ್ಣಿನ ಸಂದುಗಳಲ್ಲಿ ತುಂಬಿದ ನೀರು ಕಣಗಳನ್ನು ಪರಸ್ಪರ ದೂರ ತಳ್ಳುತ್ತದೆ. ಆಗ ಘರ್ಷಣೆ ಕುಗ್ಗುತ್ತದೆ, ಭಾರ ಮಾತ್ರ ಹೆಚ್ಚುತ್ತದೆ. ಮಣ್ಣಿನ ಯಂತ್ರಶಾಸ್ತ್ರದ ಜನಕನೆನಿಸಿದ ಕಾರ್ಲ್ ಟೆರ್ಜಾಗಿ 1920ರ ದಶಕದಲ್ಲಿ ಈ ತತ್ವವನ್ನು ಸ್ಪಷ್ಟಪಡಿಸಿದರು. ಎರಡನೆಯ ಶತ್ರು, ಇಳಿಜಾರಿನ ಬುಡವನ್ನು ಕಡಿಯುವುದು. ಮೇಲಿನ ಮಣ್ಣಿಗೆ ಆಸರೆಯಾಗಿರುವುದೇ ಬುಡ.

2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲ ಮೊದಲಾದೆಡೆ ಗುಡ್ಡಗಳು ಕುಸಿದದ್ದು ಎಡೆಬಿಡದೆ ಸುರಿದ ಮಳೆಯಲ್ಲಿ. 2024ರ ಜುಲೈ 16ರಂದು ಉತ್ತರ ಕನ್ನಡದ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದದ್ದೂ ಭಾರಿ ಮಳೆಯಲ್ಲೇ. ಆ ಗುಡ್ಡದ ಬುಡವನ್ನು ರಾಷ್ಟ್ರೀಯ ಹೆದ್ದಾರಿ 66ರ ಅಗಲೀಕರಣಕ್ಕಾಗಿ ಕಡಿಯಲಾಗಿತ್ತು. ಮಣ್ಣು ಹೆದ್ದಾರಿಯನ್ನು ದಾಟಿ ಗಂಗಾವಳಿ ನದಿಗೆ ಬಿತ್ತು. ನದಿಯಲ್ಲಿ ಮುಳುಗಿದ್ದ ಲಾರಿಯನ್ನು ಮೇಲೆತ್ತಲು ಸೆಪ್ಟೆಂಬರ್‌ವರೆಗೆ ಕಾಯಬೇಕಾಯಿತು.

ಏರಿಯ ವಿದ್ಯೆ

ನಮ್ಮ ಕೆರೆ ಕಟ್ಟುವವರು ಈ ತತ್ವಗಳನ್ನು ಅನುಭವದಿಂದ ಅರಿತಿದ್ದರು. ಏರಿಯ ಬುಡವನ್ನು ಅಗಲವಾಗಿಸಿ, ಮಣ್ಣನ್ನು ಪದರ ಪದರವಾಗಿ ಹಾಕಿ, ನೀರು ಚಿಮುಕಿಸಿ ದಮ್ಮಸು ಮಾಡುತ್ತಿದ್ದರು. ಒಳಮೈಗೆ ಅಲೆಗಳ ಹೊಡೆತ ತಡೆಯಲು ಕಲ್ಲುಕಟ್ಟಣೆ, ಹೆಚ್ಚಾದ ನೀರು ಏರಿಯನ್ನು ಹತ್ತದಂತೆ ಕೋಡಿ, ಹೊಲಗಳಿಗೆ ನೀರು ಬಿಡಲು ತೂಬು. ಮಣ್ಣಿನ ಏರಿಯ ಮೇಲೆ ನೀರು ಉಕ್ಕಿ ಹರಿದರೆ ಹೊರ ಇಳಿಜಾರು ಕೊಚ್ಚಿಹೋಗಲು ಹೆಚ್ಚು ಹೊತ್ತು ಬೇಡ. ಆದ್ದರಿಂದ ಕೋಡಿಯನ್ನು ಮುಚ್ಚುವುದು, ಹೆಚ್ಚು ನೀರು ನಿಲ್ಲಲೆಂದು ಅದನ್ನು ಎತ್ತರಿಸುವುದು ಅತ್ಯಂತ ಅಪಾಯಕಾರಿ.

ಗಮನಿಸಬೇಕಾದ ಇನ್ನೊಂದು ಅಂಶವಿದೆ. ತುಂಬಿದ ಕೆರೆಯ ನೀರು ಒಳ ಇಳಿಜಾರನ್ನು ಹೊರಗಿನಿಂದ ಒತ್ತಿ ಆಸರೆ ಕೊಡುತ್ತಿರುತ್ತದೆ. ನೀರನ್ನು ಏಕಾಏಕಿ ಖಾಲಿ ಮಾಡಿದರೆ ಆಸರೆ ಹೋಗುತ್ತದೆ, ಮಣ್ಣಿನೊಳಗಿನ ತೇವ ಮಾತ್ರ ಹಾಗೆಯೇ ಉಳಿಯುತ್ತದೆ. ಒಳಮೈ ಜಾರುವುದು ಆಗಲೇ. ಬಹುಕಾಲ ಒಣಗಿದ್ದ ಕೆರೆಗೆ ನೀರು ತುಂಬುವಾಗಲೂ ಎಚ್ಚರ ಬೇಕು. ಒಣಗಿ ಬಿರಿದ ಎರೆಮಣ್ಣಿನ ಬಿರುಕುಗಳೇ ನೀರಿಗೆ ದಾರಿಯಾಗಬಲ್ಲವು. ಹಂತ ಹಂತವಾಗಿ ತುಂಬುವುದು, ಹಂತ ಹಂತವಾಗಿ ಇಳಿಸುವುದು ಸುರಕ್ಷಿತ ಕ್ರಮ.

ಮೊದಲು ನೀರಿಗೆ ದಾರಿ

ಇಳಿಜಾರು ಸಂರಕ್ಷಣೆಯಲ್ಲಿ ಕಡಿಮೆ ಖರ್ಚಿನ, ಹೆಚ್ಚು ಫಲದ ಕೆಲಸವೆಂದರೆ ನೀರನ್ನು ಹೊರಹಾಕುವುದು. ಗುಡ್ಡದ ನೆತ್ತಿಯಲ್ಲಿ ಅಡ್ಡ ಕಾಲುವೆ ತೋಡಿ ಮಳೆನೀರು ಇಳಿಜಾರಿಗೆ ಬರದಂತೆ ಬದಿಗೆ ಸಾಗಿಸಲಾಗುತ್ತದೆ. ಒಳಗೆ ಸೇರಿದ ನೀರನ್ನು ತೂತುಗಳಿರುವ ಕೊಳವೆಗಳನ್ನು ತುಸು ಮೇಲ್ಮುಖವಾಗಿ ಗುಡ್ಡದೊಳಗೆ ತೂರಿಸಿ ಹೊರಗೆಳೆಯಲಾಗುತ್ತದೆ. ಕೆರೆ ಏರಿಯ ಹೊರಬುಡದಲ್ಲಿ ಮರಳು ಮತ್ತು ಜಲ್ಲಿಯ ಶೋಧಕ ಪದರ ಹಾಕುವುದೂ ಇದೇ ಉದ್ದೇಶಕ್ಕೆ. ನೀರು ಹೊರಬರಬೇಕು, ಅದರೊಂದಿಗೆ ಮಣ್ಣು ಬರಬಾರದು.

ಬಯಲುಸೀಮೆಯಲ್ಲಿ ವರವಾಗಿರುವ ಇಂಗುಗುಂಡಿ ಕಡಿದಾದ ಮಲೆನಾಡಿನ ಇಳಿಜಾರಿನಲ್ಲಿ ಶಾಪವಾಗಬಹುದು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬಳಿ ಗುಡ್ಡ ಕುಸಿದ ನಂತರ ಅಲ್ಲಿ ತೋಡಿದ್ದ ಇಂಗುಗುಂಡಿಗಳ ಬಗ್ಗೆ ವ್ಯಾಪಕ ಚರ್ಚೆ ನಡೆಯಿತು.

ಇಳುಕಲು ತಗ್ಗಿಸುವುದು, ಗೋಡೆ ಕಟ್ಟುವುದು

ಜಾಗವಿದ್ದರೆ ಇಳಿಜಾರನ್ನು ಓರೆ ಮಾಡುವುದು ಸರಳ ಪರಿಹಾರ. ಮಣ್ಣಿನ ದಿಬ್ಬಗಳಲ್ಲಿ 1 ಮೀಟರ್ ಎತ್ತರಕ್ಕೆ 2 ಮೀಟರ್ ಅಡ್ಡಳತೆ ಸಾಮಾನ್ಯ. ಎತ್ತರದ ಗುಡ್ಡವಾದರೆ ಮೆಟ್ಟಿಲುಗಳಂತೆ ಕಡಿದು ಪ್ರತಿ ಮೆಟ್ಟಿಲಿನಲ್ಲೂ ಚರಂಡಿ ಮಾಡಬೇಕು. ಭೂಸ್ವಾಧೀನ ಕಡಿಮೆ ಮಾಡಲು ಗುಡ್ಡವನ್ನು ನೇರವಾಗಿ ಕಡಿದು ಬಿಡುವುದು ನಮ್ಮಲ್ಲಿ ಪದೇ ಪದೇ ಕಾಣುವ ತಪ್ಪು.

ಜಾಗವಿಲ್ಲದಲ್ಲಿ ತಡೆಗೋಡೆ ಅನಿವಾರ್ಯ. ಕಲ್ಲುಗೋಡೆ ತನ್ನ ಭಾರದಿಂದಲೇ ಮಣ್ಣನ್ನು ತಡೆಯುತ್ತದೆ. ಗಾರೆ ಅಥವಾ ಕಾಂಕ್ರೀಟಿನ ಗೋಡೆಗೆ ನೀರು ಜಿನುಗುವ ತೂತುಗಳಿರಲೇಬೇಕು. ಇಲ್ಲವಾದರೆ ಹಿಂದೆ ಕಟ್ಟಿಕೊಂಡ ನೀರೇ ಗೋಡೆಯನ್ನು ಉರುಳಿಸುತ್ತದೆ. ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂಡಿಸಿದ ಗೋಡೆಗೆ ಈ ಚಿಂತೆಯಿಲ್ಲ. ದುರ್ಗದ ಕೋಟೆಯಲ್ಲಿ ಅಂಥ ಜೋಡಣೆಯನ್ನು ಇಂದಿಗೂ ನೋಡಬಹುದು. ತಂತಿಬಲೆಯ ಪೆಟ್ಟಿಗೆಗಳಲ್ಲಿ ಕಲ್ಲು ತುಂಬಿ ಪೇರಿಸುವ ಗೇಬಿಯನ್ ಗೋಡೆಯ ಗುಣವೂ ಅದೇ. ಅದು ನೀರನ್ನು ಬಿಡುತ್ತದೆ, ನೆಲ ತುಸು ಕುಸಿದರೂ ಮುರಿಯದೆ ಬಾಗುತ್ತದೆ.

ಮಣ್ಣಿಗೆ ಮೊಳೆ, ಬಂಡೆಗೆ ಬಲೆ

ಫ್ರಾನ್ಸಿನ ಎಂಜಿನಿಯರ್ ಹೆನ್ರಿ ವಿಡಾಲ್ 1960ರ ದಶಕದಲ್ಲಿ ಬಲವರ್ಧಿತ ಮಣ್ಣಿನ ವಿಧಾನವನ್ನು ರೂಪಿಸಿದರು. ಮಣ್ಣಿನ ಪದರಗಳ ನಡುವೆ ಲೋಹದ ಪಟ್ಟಿಗಳನ್ನು ಅಥವಾ ಪಾಲಿಮರ್ ಜಾಲರಿಯನ್ನು ಹಾಸಿದರೆ ಮಣ್ಣೇ ಗೋಡೆಯಂತೆ ನಿಲ್ಲುತ್ತದೆ. ಹೆದ್ದಾರಿಗಳ ಮೇಲುಸೇತುವೆಗಳ ಏರುದಾರಿಯ ಇಕ್ಕೆಲಗಳಲ್ಲಿ ಕಾಣುವ ಕಾಂಕ್ರೀಟ್ ಫಲಕಗಳ ಹಿಂದೆ ಸಾಮಾನ್ಯವಾಗಿ ಇರುವುದು ಈ ವ್ಯವಸ್ಥೆಯೇ.

ಹೊಸದಾಗಿ ತುಂಬಿದ ಮಣ್ಣಿಗೆ ಇದು ಸರಿ. ಈಗಾಗಲೇ ಇರುವ ಗುಡ್ಡಕ್ಕೆ ಮೊಳೆ ಹೊಡೆಯುವ ವಿಧಾನವಿದೆ. ಇಳಿಜಾರಿನಲ್ಲಿ ಸಾಲಾಗಿ ರಂಧ್ರ ಕೊರೆದು, ಉಕ್ಕಿನ ಸರಳು ತೂರಿಸಿ, ಸಿಮೆಂಟ್ ಹಾಲು ತುಂಬಲಾಗುತ್ತದೆ. ಮೇಲ್ಮೈಗೆ ತಂತಿಜಾಲರಿ ಹೊದಿಸಿ ಕಾಂಕ್ರೀಟ್ ಸಿಂಪಡಿಸಲಾಗುತ್ತದೆ. ಸರಳು ಜಾರುವ ಪದರವನ್ನು ದಾಟಿ ಹಿಂದಿನ ಗಟ್ಟಿ ನೆಲವನ್ನು ಹಿಡಿದಿರಬೇಕು. ಅಷ್ಟು ಉದ್ದವಿಲ್ಲದ ಮೊಳೆ ವ್ಯರ್ಥ. ಬಿರುಕುಬಿಟ್ಟ ಬಂಡೆಗಳಿಗೆ ಬೋಲ್ಟ್, ಉರುಳುವ ಕಲ್ಲುಗಳಿಗೆ ಉಕ್ಕಿನ ಬಲೆ ಬಳಸಲಾಗುತ್ತದೆ. 2003ರ ಜೂನ್ 22ರಂದು ಕಾರವಾರದಿಂದ ಮುಂಬೈಗೆ ಹೊರಟಿದ್ದ ವಿಶೇಷ ರೈಲು ಮಹಾರಾಷ್ಟ್ರದ ವೈಭವವಾಡಿ ಬಳಿ ಕುಸಿದ ಮಣ್ಣು ಕಲ್ಲಿಗೆ ಸಿಕ್ಕಿ ಹಳಿ ತಪ್ಪಿ 50ಕ್ಕೂ ಹೆಚ್ಚು ಮಂದಿ ಮೃತಪಟ್ಟ ಬಳಿಕ ಕೊಂಕಣ ರೈಲ್ವೆ ಮಾರ್ಗದಲ್ಲಿ ಇಂತಹ ಬಲೆ, ಬೋಲ್ಟ್, ಮೊಳೆಗಳ ಕಾಮಗಾರಿ ದೊಡ್ಡ ಪ್ರಮಾಣದಲ್ಲಿ ನಡೆಯಿತು.

ಬೇರಿನ ಬಲ, ಅದರ ಮಿತಿ

ಲಾವಂಚದ ಬೇರು ಎರಡು ಮೂರು ಮೀಟರ್ ಆಳಕ್ಕೆ ನೇರವಾಗಿ ಇಳಿಯುತ್ತದೆ. ತೆಂಗಿನ ನಾರಿನ ಹಾಸು ಹೊದಿಸಿ ಹುಲ್ಲು ಬೆಳೆಸಿದರೆ ಮೇಲ್ಮಣ್ಣು ಕೊಚ್ಚಿಹೋಗದು. ಆದರೆ ಬೇರಿಗಿಂತ ಆಳದಲ್ಲಿ ಆಗುವ ಜಾರಿಕೆಯನ್ನು ಹುಲ್ಲು ತಡೆಯಲಾರದು. ಕೆರೆ ಏರಿಯ ಮಟ್ಟಿಗೆ ಹುಲ್ಲು ಒಳ್ಳೆಯದು, ದೊಡ್ಡ ಮರಗಳು ಒಳ್ಳೆಯವಲ್ಲ. ಮರ ಸತ್ತು ಬೇರು ಕೊಳೆತರೆ ಆ ಪೊಳ್ಳಿನಲ್ಲಿ ನೀರು ಹರಿಯತೊಡಗುತ್ತದೆ. ಏರಿಗಳನ್ನು ಆವರಿಸುವ ಬಳ್ಳಾರಿ ಜಾಲಿಯನ್ನು ಎಳೆಯದಿರುವಾಗಲೇ ಕಿತ್ತುಹಾಕಬೇಕು.

ಜಿಲ್ಲೆಯ ಗಣಿ ದಿಬ್ಬಗಳು

ಚಿತ್ರದುರ್ಗ ಜಿಲ್ಲೆಗೆ ಈ ವಿದ್ಯೆ ಕೆರೆಗಳಿಗಷ್ಟೇ ಸೀಮಿತವಲ್ಲ. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳಲ್ಲಿ ಕಬ್ಬಿಣದ ಅದಿರು ಗಣಿಗಾರಿಕೆಯನ್ನು ನಿಲ್ಲಿಸಿತ್ತು. ಪುನರಾರಂಭಕ್ಕೆ ಪ್ರತಿ ಗಣಿಗೂ ಪುನಶ್ಚೇತನ ಯೋಜನೆ ಕಡ್ಡಾಯವಾಯಿತು. ತ್ಯಾಜ್ಯ ಮಣ್ಣಿನ ದಿಬ್ಬಗಳನ್ನು ಮೆಟ್ಟಿಲಾಗಿಸುವುದು, ಬುಡದಲ್ಲಿ ತಡೆಗೋಡೆ, ಕೊರಕಲುಗಳಿಗೆ ಅಡ್ಡಗಟ್ಟೆ, ನಾರಿನ ಹಾಸು, ಗಿಡ ನೆಡುವಿಕೆ ಅದರ ಭಾಗಗಳು. ದಿಬ್ಬದ ಮಣ್ಣು ಮಳೆಗೆ ಜಾರಿದರೆ ಕೊನೆಗೆ ಬಂದು ಸೇರುವುದು ಕೆಳಗಿನ ಹೊಲ ಮತ್ತು ಕೆರೆಗಳಿಗೆ. ಬೆಟ್ಟಸಾಲುಗಳಲ್ಲಿ ಗಾಳಿಯಂತ್ರಗಳಿಗಾಗಿ ಕಡಿದ ರಸ್ತೆಗಳ ಬದಿಗೂ ಇದೇ ಎಚ್ಚರ ಅಗತ್ಯ.

ಗ್ರಾಮಸ್ಥರು ಗಮನಿಸಬೇಕಾದ ಲಕ್ಷಣಗಳು

ಕುಸಿತ ಬಹುತೇಕ ಮುನ್ಸೂಚನೆ ಕೊಡುತ್ತದೆ. ಏರಿಯ ಮೇಲೆ ಉದ್ದುದ್ದ ಬಿರುಕು, ಹೊರಬುಡದಲ್ಲಿ ಮಣ್ಣು ಉಬ್ಬುವುದು, ಕಂಬ ಅಥವಾ ಮರ ವಾಲುವುದು, ಒಣಗಿದ್ದ ಜಾಗದಲ್ಲಿ ಹೊಸ ಒರತೆ ಕಾಣಿಸುವುದು ಎಚ್ಚರಿಕೆಯ ಗಂಟೆ. ಏರಿಯ ಹಿಂದೆ ಜಿನುಗುವ ನೀರು ತಿಳಿಯಾಗಿದ್ದರೆ ನಿಗಾ ಇಡಬೇಕು. ಅದು ಕೆಂಪಾಗಿ ಇಲ್ಲವೆ ಕಲಕಾಗಿ ಬಂದರೆ ಒಳಗಿನ ಮಣ್ಣು ಹೋಗುತ್ತಿದೆ ಎಂದರ್ಥ, ತಕ್ಷಣ ಅಧಿಕಾರಿಗಳಿಗೆ ತಿಳಿಸಿ ಏರಿಯ ಕೆಳಗಿನವರನ್ನು ಎಚ್ಚರಿಸಬೇಕು. ಹೂಳೆತ್ತುವಾಗ ಏರಿಯ ಬುಡದ ಮಣ್ಣನ್ನು ಮುಟ್ಟಬಾರದು. ಹೊಲಕ್ಕೆಂದು ಒಯ್ಯುವ ಒಂದೊಂದು ಟ್ರ್ಯಾಕ್ಟರ್ ಮಣ್ಣೂ ಏರಿಯ ಆಸರೆಯನ್ನು ಅಷ್ಟಷ್ಟೇ ಕಡಿಮೆ ಮಾಡುತ್ತದೆ.

ಮೊಳೆ, ಬಲೆ, ಜಾಲರಿಗಳಿಗೆ ಕೋಟಿಗಟ್ಟಲೆ ಹಣ ಬೇಕು. ಚರಂಡಿಯ ಹೂಳು ತೆಗೆಯುವುದಕ್ಕೆ, ಕೋಡಿ ತೆರೆದಿಡುವುದಕ್ಕೆ, ಬುಡ ಕಡಿಯದಿರುವುದಕ್ಕೆ ಅಷ್ಟು ಬೇಕಿಲ್ಲ. ಮಳೆಗಾಲಕ್ಕೆ ಮುನ್ನ ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ ಏರಿಯ ಉದ್ದಕ್ಕೂ ನಡೆದು ನೋಡುವ ರೂಢಿಯನ್ನು ಪ್ರತಿ ಗ್ರಾಮ ಪಂಚಾಯಿತಿಯೂ ಇಟ್ಟುಕೊಂಡರೆ ಅನೇಕ ಅನಾಹುತಗಳನ್ನು ತಪ್ಪಿಸಬಹುದು.