ಕೃಷ್ಣಮೂರ್ತಿ ಪುರಾಣಿಕರ ಕಥನ, ಮೂರು ಕನ್ನಡ ಚಿತ್ರಗಳು (1962–1977): ಮೂಲಪಠ್ಯದ ಬಗ್ಗೆ ಒಂದು ಟಿಪ್ಪಣಿ

1. ವ್ಯಾಪ್ತಿ

ಇಂದಿನ ಬಾಗಲಕೋಟೆ ಜಿಲ್ಲೆಯ ಬೀಳಗಿಯಲ್ಲಿ 1911ರಲ್ಲಿ ಹುಟ್ಟಿದ ಕೃಷ್ಣಮೂರ್ತಿ ಪುರಾಣಿಕರು (ನಿಧನ 1985) ಗೋಕಾಕದಲ್ಲಿ ಶಿಕ್ಷಕರಾಗಿದ್ದು ಕಾದಂಬರಿಗಳನ್ನು ಬರೆದವರು. ಅವರ ಬರವಣಿಗೆಯನ್ನು ಆಧರಿಸಿದ ಮೂರು ಚಿತ್ರಗಳು ಈ ಟಿಪ್ಪಣಿಯ ವಸ್ತು: ‘ಕರುಣೆಯೇ ಕುಟುಂಬದ ಕಣ್ಣು’ (1962), ‘ಕುಲವಧು’ (1963), ‘ಸನಾದಿ ಅಪ್ಪಣ್ಣ’ (1977). ಮೂರರಲ್ಲೂ ನಾಯಕನಟ ರಾಜಕುಮಾರ್. ಚಿತ್ರಗಳ ಗುಣದೋಷ ಇಲ್ಲಿನ ಚರ್ಚೆಯಲ್ಲ. ಮೂಲಕೃತಿಗೂ ಚಿತ್ರಕ್ಕೂ ಇರುವ ಸಂಬಂಧದ ಬಗ್ಗೆ ಬಳಕೆಯಲ್ಲಿರುವ ಹೇಳಿಕೆಗಳು ಎಷ್ಟರಮಟ್ಟಿಗೆ ನಿಲ್ಲುತ್ತವೆ ಎಂಬುದಷ್ಟೇ ಪ್ರಶ್ನೆ.

2. ಕಾಲದ ಹಿನ್ನೆಲೆ

ಗದ್ಯಕಥನ ಚಿತ್ರವಾಗುವ ಕ್ರಮ ಎಲ್ಲ ಭಾಷೆಗಳಲ್ಲಿ ಒಂದೇ ಹಂತದಲ್ಲಿ ಬಂದಿಲ್ಲ. ಥಿಯೊಡೋರ್ ಸ್ಟಾರ್ಮ್‌ನ 1888ರ ಕಿರುಕಾದಂಬರಿ ‘ಡೆರ್ ಶಿಮ್ಮೆಲ್‌ರೈಟರ್’ ಜರ್ಮನ್ ವಾಕ್ಚಿತ್ರವಾದದ್ದು 1934ರಲ್ಲಿ. ಅದೇ ವರ್ಷ ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ದ ವಸ್ತು ರಾಮಾಯಣದ್ದು. ಆರಂಭದ ಕನ್ನಡ ಚಿತ್ರಗಳಿಗೆ ಪುರಾಣ, ಭಕ್ತರ ಚರಿತ್ರೆ ಹಾಗೂ ವೃತ್ತಿರಂಗಭೂಮಿಯ ನಾಟಕಗಳೇ ಪ್ರಧಾನ ಆಕರ. ಅಚ್ಚಾದ ಸಾಮಾಜಿಕ ಕಾದಂಬರಿ ಆಕರವಾಗಿ ನೆಲೆಯೂರಿದ್ದು, ಸ್ಥೂಲವಾಗಿ, 1960ರ ದಶಕದಲ್ಲಿ.

3. ‘ಮೊದಲ’ ಎಂಬ ವಿಶೇಷಣ

3.1. ‘ಕರುಣೆಯೇ ಕುಟುಂಬದ ಕಣ್ಣು’ ಪುರಾಣಿಕರ ‘ಧರ್ಮದೇವತೆ’ ಕಾದಂಬರಿಯ ರೂಪಾಂತರ, ನಿರ್ದೇಶನ ಟಿ. ವಿ. ಸಿಂಗ್ ಠಾಕೂರ್ ಅವರದು. ಇದನ್ನು ‘ಕಾದಂಬರಿ ಆಧಾರಿತ ಮೊದಲ ಕನ್ನಡ ಚಿತ್ರ’ ಎಂದು ಕರೆಯುವುದು ವಾಡಿಕೆ. ‘ಕನ್ನಡ ಸಾಮಾಜಿಕ ಕಾದಂಬರಿಯನ್ನು ಆಧರಿಸಿದ್ದು’ ಎಂಬ ಸೀಮಿತ ಅರ್ಥದಲ್ಲಿ ಈ ಹೇಳಿಕೆ ಸ್ವೀಕಾರಾರ್ಹವೆನಿಸುತ್ತದೆ. ನಾಟಕದಿಂದ ಬಂದ ಚಿತ್ರಗಳನ್ನೂ ಬೇರೆ ಭಾಷೆಯ ಕಥೆಗಳಿಂದ ಬಂದವನ್ನೂ ಒಂದೇ ಪಟ್ಟಿಗೆ ಸೇರಿಸಿದರೆ ಹೇಳಿಕೆ ಸಡಿಲವಾಗುತ್ತದೆ.

3.2. ಚಿತ್ರದಲ್ಲಿ ಕಾದಂಬರಿಯ ಹೆಸರು ಉಳಿದಿಲ್ಲ. ಶೀರ್ಷಿಕೆಯ ಜಾಡು ಹಿಡಿದು ಹುಡುಕುವವರಿಗೆ ಈ ಚಿತ್ರ ತಪ್ಪಿಹೋಗುವ ಸಂಭವವಿದೆ. ಜೊತೆಗೆ, 1952ರಲ್ಲಿ ಪಿ. ಪುಲ್ಲಯ್ಯನವರು ನಿರ್ದೇಶಿಸಿದ ‘ಧರ್ಮದೇವತ’ ಎಂಬ ತೆಲುಗು ಚಿತ್ರವೂ ಇದೆ. ಹೆಸರಿನ ಹೋಲಿಕೆಯೊಂದನ್ನೇ ಹಿಡಿದು ಇವೆರಡನ್ನು ಜೋಡಿಸಲಾಗದು. ‘ಕುಲವಧು’ವಿನಲ್ಲಿ ಈ ತೊಡಕಿಲ್ಲ, ಕಾದಂಬರಿಯ ಹೆಸರೇ ಚಿತ್ರದ ಹೆಸರು.

3.3. ‘ಕುಲವಧು’ವನ್ನೂ ನಿರ್ದೇಶಿಸಿದ ಸಿಂಗ್ ಠಾಕೂರ್ ಅವರು 1964ರಲ್ಲಿ ತ.ರಾ.ಸು. ಅವರ ‘ಚಂದವಳ್ಳಿಯ ತೋಟ’ವನ್ನು ಚಿತ್ರಿಸಿದರು. ಅಂದರೆ 1962, 1963, 1964 ಈ ಮೂರು ವರ್ಷಗಳಲ್ಲಿ ಒಬ್ಬನೇ ನಿರ್ದೇಶಕ ಮತ್ತು ಒಬ್ಬನೇ ನಾಯಕನಟ ಮೂರು ಕಾದಂಬರಿಗಳನ್ನು ತೆರೆಗೆ ತಂದಂತಾಯಿತು. ಅವುಗಳಲ್ಲಿ ಎರಡು ಪುರಾಣಿಕರವು. ತ್ರಿವೇಣಿಯವರ ಕಾದಂಬರಿಯಿಂದ ಪುಟ್ಟಣ್ಣ ಕಣಗಾಲ್ ‘ಬೆಳ್ಳಿಮೋಡ’ ಮಾಡಿದ್ದು 1967ರಲ್ಲಿ. ಕಾದಂಬರಿ ಆಧಾರಿತ ಚಿತ್ರಗಳ ಚರಿತ್ರೆಯನ್ನು ‘ಬೆಳ್ಳಿಮೋಡ’ದಿಂದ ಆರಂಭಿಸುವ ಬರಹಗಳು ಈ ಐದು ವರ್ಷಗಳ ಅಂತರವನ್ನು ಗಣಿಸಬೇಕಾಗುತ್ತದೆ.

3.4. ‘ಕುಲವಧು’ವಿನಲ್ಲಿ ಬೇಂದ್ರೆಯವರ ಯುಗಾದಿ ಕವಿತೆಯನ್ನು ಜಿ. ಕೆ. ವೆಂಕಟೇಶ್ ಅವರ ಸಂಗೀತದಲ್ಲಿ ಎಸ್. ಜಾನಕಿ ಹಾಡಿದ್ದಾರೆ. ಈ ಕವಿತೆ ಕಾದಂಬರಿಯ ಹೊರಗಿನಿಂದ ಬಂದದ್ದು. ಆದ್ದರಿಂದ ಚಿತ್ರದ ಆಕರವನ್ನು ಏಕವಚನದಲ್ಲಿ ನಮೂದಿಸುವುದು ಅಪೂರ್ಣ.

4. ‘ಸನಾದಿ ಅಪ್ಪಣ್ಣ’

4.1. ನಿರ್ದೇಶನ ವಿಜಯ್, ಸಂಗೀತ ಜಿ. ಕೆ. ವೆಂಕಟೇಶ್, ನಾಯಕಿ ಜಯಪ್ರದಾ. ಇದರ ಮೂಲವನ್ನು ಕೆಲವೆಡೆ ಸಣ್ಣಕಥೆ ಎಂದೂ ಕೆಲವೆಡೆ ಕಾದಂಬರಿ ಎಂದೂ ಗುರುತಿಸಲಾಗುತ್ತದೆ. ಈ ವ್ಯತ್ಯಾಸ ಗೌಣವಲ್ಲ. ಮೂಲ ಚಿಕ್ಕದಾಗಿದ್ದರೆ ಚಿತ್ರಕಥೆಯಲ್ಲಿ ಸೇರ್ಪಡೆಯ ಪಾಲು ದೊಡ್ಡದು. ಮೂಲ ದೀರ್ಘವಾಗಿದ್ದರೆ ಕತ್ತರಿಯ ಪಾಲು ದೊಡ್ಡದು. ಯಾವ ಪ್ರಸಂಗ ಯಾರದು ಎಂಬ ನಿರ್ಣಯ ಇದನ್ನೇ ಅವಲಂಬಿಸುತ್ತದೆ.

4.2. ಕಥೆಯ ಹಿಂದೆ ಬೀಳಗಿಯ ಒಬ್ಬ ನಿಜವಾದ ಸನಾದಿ ವಾದಕರಿದ್ದರು ಎಂಬುದು ಆ ಭಾಗದಲ್ಲಿ ಪ್ರಚಲಿತ ಮಾತು. ಪುರಾಣಿಕರ ಹುಟ್ಟೂರೂ ಬೀಳಗಿಯೇ ಆದ್ದರಿಂದ ಇದು ಸಂಭವನೀಯ. ಆದರೆ ವ್ಯಕ್ತಿ, ಕಥನ, ಚಿತ್ರ ಇವು ಮೂರು ಬೇರೆ ಬೇರೆ ಸ್ತರಗಳು. ಚಿತ್ರದ ಘಟನೆಯನ್ನು ವ್ಯಕ್ತಿಯ ಜೀವನಕ್ಕೆ ಸಾಕ್ಷ್ಯವಾಗಿ ಬಳಸುವಂತಿಲ್ಲ.

4.3. ಶ್ರವ್ಯಸ್ತರದಲ್ಲಿ ಇನ್ನೊಂದು ಪಲ್ಲಟವಿದೆ. ಉತ್ತರ ಕರ್ನಾಟಕದಲ್ಲಿ ಸನಾದಿ ಮದುವೆ, ಗುಡಿ, ಜಾತ್ರೆಗಳ ವಾದ್ಯ. ಚಿತ್ರದಲ್ಲಿ ನುಡಿದಿರುವುದು ಬನಾರಸದ ಉಸ್ತಾದ್ ಬಿಸ್ಮಿಲ್ಲಾ ಖಾನರ ಶಹನಾಯಿ. ವಾದ್ಯಗಳು ಸಮೀಪದವಾದರೂ ನುಡಿಸಾಣಿಕೆಯ ಪರಂಪರೆ ಬೇರೆ. ಆದ್ದರಿಂದ ಚಿತ್ರದ ಧ್ವನಿಪಥವನ್ನು ಬೀಳಗಿ ಸೀಮೆಯ ಸನಾದಿ ವಾದನದ ಮಾದರಿಯೆಂದು ಪರಿಗಣಿಸುವುದು ಬಹುಶಃ ಸರಿಯಲ್ಲ.

5. ಸ್ಥಳದ ನಮೂದು

5.1. ಪುರಾಣಿಕರ ಜನ್ಮಸ್ಥಳ ಹಳೆಯ ಆಕರಗಳಲ್ಲಿ ‘ಬಿಜಾಪುರ ಜಿಲ್ಲೆ’, ಹೊಸವುಗಳಲ್ಲಿ ‘ಬಾಗಲಕೋಟೆ ಜಿಲ್ಲೆ’. ಎರಡರಲ್ಲೂ ದೋಷವಿಲ್ಲ. 1956ರ ನವೆಂಬರ್ 1ರವರೆಗೆ ಈ ಪ್ರದೇಶ ಮುಂಬಯಿ ಆಡಳಿತಕ್ಕೆ ಸೇರಿದ್ದ ಬಿಜಾಪುರ ಜಿಲ್ಲೆಯ ಭಾಗ, ಬಳಿಕ ಮೈಸೂರು ರಾಜ್ಯದ್ದು. ಬಾಗಲಕೋಟೆ, ಬಾದಾಮಿ, ಹುನಗುಂದ, ಬೀಳಗಿ, ಜಮಖಂಡಿ, ಮುಧೋಳ ತಾಲ್ಲೂಕುಗಳು ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಮೂರು ಚಿತ್ರಗಳೂ ಬಿಡುಗಡೆಯಾದಾಗ ಬಾಗಲಕೋಟೆ ಜಿಲ್ಲೆ ಇರಲಿಲ್ಲ. ಬೀಳಗಿಯವರೇ ಆದ ಗಾಯಕಿ ಅಮೀರ್‌ಬಾಯಿ ಕರ್ನಾಟಕಿ (ನಿಧನ 1965) ಅವರ ವಿವರಗಳಲ್ಲೂ ಇದೇ ದ್ವಂದ್ವ ಕಾಣುತ್ತದೆ.

5.2. ಪ್ರದೇಶ ಚಿತ್ರದ ವಸ್ತುವಾಗುವುದು ಬೇರೆ, ಚಿತ್ರದ ಪಠ್ಯ ಪ್ರದೇಶದಿಂದ ಬರುವುದು ಬೇರೆ. ಬಾದಾಮಿ ಚಾಲುಕ್ಯರನ್ನು ಕುರಿತ ‘ಇಮ್ಮಡಿ ಪುಲಿಕೇಶಿ’ (1967) ಮೊದಲ ವರ್ಗಕ್ಕೆ ಸೇರುತ್ತದೆ. ಪುರಾಣಿಕರ ಕೃತಿಗಳಿಂದಾದ ಚಿತ್ರಗಳು ಎರಡನೆಯದಕ್ಕೆ. ಜಿಲ್ಲಾವಾರು ಪಟ್ಟಿಗಳಲ್ಲಿ ಇವೆರಡನ್ನು ಬೆರೆಸಬಾರದು.

6. ನಿರ್ಣಯ

ಮೇಲಿನ ಆಧಾರಗಳಿಂದ ಎರಡು ಮಿತವಾದ ಮಾತುಗಳನ್ನು ಹೇಳಬಹುದು. ಒಂದು, ಕನ್ನಡ ಸಾಮಾಜಿಕ ಕಾದಂಬರಿ ಚಿತ್ರವಾಗತೊಡಗಿದ ಮೊದಲ ಹಂತದಲ್ಲಿ ಬೀಳಗಿ ಮೂಲದ ಒಬ್ಬ ಲೇಖಕರ ಪಾಲು ಗಣನೀಯ. ಎರಡು, ‘ಸನಾದಿ ಅಪ್ಪಣ್ಣ’ವನ್ನು ಸ್ಥಳೀಯ ಚರಿತ್ರೆಯ ಆಕರವಾಗಿ ಬಳಸುವ ಮುನ್ನ ವ್ಯಕ್ತಿ, ಕಥನ, ಚಿತ್ರಗಳನ್ನು ಬೇರ್ಪಡಿಸಿ ಓದುವುದು ಅಗತ್ಯ. ಮುಂದಿನ ಸೂಚಿಗಳನ್ನು ಸಿದ್ಧಪಡಿಸುವವರು ಪ್ರತಿ ಚಿತ್ರಕ್ಕೂ ಮೂಲಕೃತಿಯ ಹೆಸರು, ಅದರ ಪ್ರಕಾರ, ಮೊದಲ ಮುದ್ರಣದ ವರ್ಷ ಮತ್ತು ಚಿತ್ರದ ಶೀರ್ಷಿಕಾಪಟ್ಟಿಯಲ್ಲಿನ ನಮೂದನ್ನು ಪ್ರತ್ಯೇಕ ಅಂಕಣಗಳಲ್ಲಿ ಕೊಡಬೇಕೆಂದು ಕೋರಿಕೆ.